ಹೊಸ ಬ್ಲೇಡ್ ಹೊಂದುತ್ತದೋ ಇಲ್ಲವೋ? ಟೇಬಲ್ ಟೆನಿಸ್ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತಿನ ಸುತ್ತ ಸುತ್ತುತ್ತವೆ: ಹೊಸ ಬ್ಲೇಡ್ ಕೈಗೆ ಬಂದಿದೆ, ಅದು ತನ್ನ ಆಟಕ್ಕೆ ಒಗ್ಗುತ್ತದೋ ಇಲ್ಲವೋ ಗೊತ್ತಾಗುತ್ತಿಲ್ಲ. ಹೊಸದಾಗಿ ಓದುವವರಿಗೆ ಒಂದು ಮಾತು: ಬ್ಲೇಡ್ ಎಂದರೆ ರಬ್ಬರ್ ಅಂಟಿಸುವ ಮುಂಚಿನ ಬೋಳು ಮರ, ಹಿಡಿಯೂ ಸೇರಿ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ಉಳಿದವನ್ನು ಬಂದ ಹಾಗೆಯೇ ಕೊಟ್ಟಿದ್ದೇವೆ.

ಪ್ರಶ್ನೆ: ಎರಡು ವಾರದ ಹಿಂದೆ ಕಾರ್ಬನ್ ಬ್ಲೇಡ್ (ಮರದ ಪದರಗಳ ನಡುವೆ ಕಾರ್ಬನ್ ನಾರು ಸೇರಿಸಿದ್ದು) ಕೊಂಡೆ, ಜೊತೆಗೆ ಎರಡೂ ಬದಿಗೆ ಹೊಸ ರಬ್ಬರ್. ಮೊದಲ ದಿನ ಫೋರ್‌ಹ್ಯಾಂಡ್ ಟಾಪ್‌ಸ್ಪಿನ್ (ಚೆಂಡನ್ನು ಮುಂದಕ್ಕೆ ತಿರುಗಿಸುವ ಹೊಡೆತ) ಬಾಣದ ಹಾಗೆ ಹೋಗುತ್ತಿತ್ತು. ಈಗ ಸರ್ವ್ ತೆಗೆದುಕೊಂಡರೆ ಚೆಂಡು ಎತ್ತರಕ್ಕೆ ಏಳುತ್ತದೆ, ಎದುರಾಳಿ ಹೊಡೆದು ಮುಗಿಸುತ್ತಾನೆ. ಬ್ಲೇಡ್ ಸತ್ತುಹೋಯಿತೇ?

ಉತ್ತರ: ಬ್ಲೇಡ್ ಎರಡು ವಾರದಲ್ಲಿ ಸಾಯುವುದಿಲ್ಲ. ಮೊದಲ ದಿನ ನೀವು ಬಹುಶಃ ಟಾಪ್‌ಸ್ಪಿನ್ ಹೊಡೆದು ನೋಡಿ ಖುಷಿಪಟ್ಟಿರಿ. ಪಂದ್ಯಕ್ಕೆ ಇಳಿದ ಮೇಲೆ ನೆಟ್ಟಿನ ಹತ್ತಿರವೇ ಬೀಳುವ ಗಿಡ್ಡ ಚೆಂಡುಗಳು ಬಂದವು. ವೇಗದ ಬ್ಲೇಡಿನ ಕಷ್ಟ ಕಾಣಿಸಿಕೊಳ್ಳುವುದೇ ನೆಟ್ಟಿನ ಹತ್ತಿರ. ಪೂರ್ತಿ ಬೀಸಿ ಹೊಡೆದಾಗ ಯಾವ ಹೊಸ ಬ್ಲೇಡಾದರೂ ಚೆನ್ನಾಗಿಯೇ ಅನ್ನಿಸುತ್ತದೆ.

ಇನ್ನೊಂದು ತೊಡಕು ನೀವೇ ಮಾಡಿಕೊಂಡದ್ದು. ಮರವನ್ನೂ ರಬ್ಬರನ್ನೂ ಒಟ್ಟಿಗೆ ಬದಲಾಯಿಸಿದಿರಿ. ಈಗ ಚೆಂಡು ಏಳುತ್ತಿರುವುದು ಮರದಿಂದಲೋ ರಬ್ಬರಿನಿಂದಲೋ ಹೇಳುವುದು ಹೇಗೆ? ಹೊಸ ರಬ್ಬರಿನ ಮೇಲ್ಮೈ ಮೊದಲ ಕೆಲವು ದಿನ ಹೆಚ್ಚು ಹಿಡಿಯುತ್ತದೆ, ಎದುರಿನ ಸ್ಪಿನ್ನಿಗೆ ಹೆಚ್ಚು ಸ್ಪಂದಿಸುತ್ತದೆ. ಆ ಗುಣವನ್ನೆಲ್ಲ ಬ್ಲೇಡಿನ ಲೆಕ್ಕಕ್ಕೆ ಬರೆದರೆ ತೀರ್ಮಾನ ತಪ್ಪುತ್ತದೆ.

ಮಾಡಬೇಕಾದದ್ದು ಇಷ್ಟು. ನಿಮ್ಮ ಹಳೆಯ ಬ್ಯಾಟಿನ ರಬ್ಬರ್ ಇನ್ನೂ ಹಿಡಿತ ಕಳೆದುಕೊಂಡಿಲ್ಲವಾದರೆ ಅದನ್ನೇ ಕಿತ್ತು ಹೊಸ ಬ್ಲೇಡಿಗೆ ಅಂಟಿಸಿ. ಹಳೆಯ ಬ್ಲೇಡಿನ ಮುಖ 157 × 150 ಮಿ.ಮೀ., ಹೊಸದರದು 158 × 152 ಮಿ.ಮೀ. ಇದ್ದರೆ ಅಂಚಿನಲ್ಲಿ ಒಂದೆರಡು ಮಿ.ಮೀ. ಮರ ಕಾಣಿಸುತ್ತದೆ, ಅಭ್ಯಾಸದಲ್ಲಿ ಪರೀಕ್ಷಿಸಲು ಅದರಿಂದ ಅಡ್ಡಿಯಿಲ್ಲ. ಬೂಸ್ಟರ್ (ರಬ್ಬರನ್ನು ಉಬ್ಬಿಸಿ ಚುರುಕುಗೊಳಿಸುವ ದ್ರವ) ಹಚ್ಚಿದ ರಬ್ಬರಾದರೆ ಈ ದಾರಿ ಬೇಡ. ಕಿತ್ತ ಮೇಲೆ ಅದು ಕುಗ್ಗಬಹುದು, ಗುಣವೂ ಬದಲಾಗುತ್ತದೆ. ಅಂಥವರು ಒಂದೇ ಹೆಸರಿನ, ಒಂದೇ ದಪ್ಪದ ಸ್ಪಾಂಜ್ (ರಬ್ಬರಿನ ಅಡಿಯ ಮೆತ್ತನೆಯ ಪದರ) ಇರುವ ಹೊಸ ಹಾಳೆಗಳನ್ನು ಎರಡೂ ಬ್ಲೇಡಿಗೆ ಒಂದೇ ದಿನ ಅಂಟಿಸಿ ಹೋಲಿಸಬೇಕು. ಖರ್ಚು ಹೆಚ್ಚು ನಿಜ, ಆದರೆ ತಪ್ಪು ಬ್ಲೇಡಿನಲ್ಲಿ ಒಂದು ವರ್ಷ ಒದ್ದಾಡುವುದಕ್ಕಿಂತ ಕಡಿಮೆ.

ಪ್ರಶ್ನೆ: ಬ್ಲೇಡ್ ಪೆಟ್ಟಿಗೆಯಿಂದ ತೆಗೆದ ಕೂಡಲೇ ರಬ್ಬರ್ ಅಂಟಿಸಬಹುದೇ? ಮೊದಲೇ ನೋಡಿಕೊಳ್ಳಬೇಕಾದದ್ದು ಏನಾದರೂ ಇದೆಯೇ?

ಉತ್ತರ: ಖಂಡಿತ ಇದೆ. ಒಮ್ಮೆ ಅಂಟು ಬಿದ್ದರೆ ಬ್ಲೇಡನ್ನು ಹಿಂದಿರುಗಿಸಲು ಆಗುವುದಿಲ್ಲ. ಆದ್ದರಿಂದ ಅರ್ಧ ಗಂಟೆ ಬಿಡುವು ಮಾಡಿಕೊಂಡು ಬೋಳು ಮರವನ್ನೇ ನೋಡಿ.

ಒಂದು ಗ್ರಾಂ ತನಕ ತೋರಿಸುವ ಅಡುಗೆಮನೆಯ ತೂಕದ ಯಂತ್ರ ಸಾಕು, ಅದರ ಮೇಲಿಟ್ಟು ತೂಕ ಬರೆದಿಡಿ. ಕೈಕುಲುಕುವ ಹಿಡಿತದವರ ಬ್ಲೇಡ್‌ಗಳು ಸಾಮಾನ್ಯವಾಗಿ 80ರಿಂದ 95 ಗ್ರಾಂ ತೂಗುತ್ತವೆ. ಒಂದೇ ಮಾದರಿಯ ಎರಡು ಬ್ಲೇಡ್‌ಗಳ ನಡುವೆಯೂ 5–6 ಗ್ರಾಂ ವ್ಯತ್ಯಾಸ ಬರುವುದು ಮಾಮೂಲು. ಮರ ಕಾರ್ಖಾನೆಯಲ್ಲಿ ಎರಕ ಹೊಯ್ದ ವಸ್ತುವಲ್ಲ. ತೇವದ ದಿನಗಳಲ್ಲಿ ಮರ ನೀರು ಹೀರಿ ಒಂದೆರಡು ಗ್ರಾಂ ಹೆಚ್ಚು ತೂಗಬಹುದು ಎಂಬುದೂ ಲೆಕ್ಕದಲ್ಲಿರಲಿ.

ಆಮೇಲೆ ಬ್ಲೇಡನ್ನು ಕಣ್ಣಿನ ಮಟ್ಟಕ್ಕೆ ತಂದು ತುದಿಯಿಂದ ಹಿಡಿಯ ಕಡೆಗೆ ನೋಡಿ. ಬಾಗು ಇದ್ದರೆ ಕಣ್ಣಿಗೆ ಬೀಳುತ್ತದೆ. ಅನುಮಾನವಿದ್ದರೆ ಹಿಡಿ ಮೇಜಿನ ಅಂಚಿನಿಂದ ಆಚೆ ಇರುವಂತೆ ಮುಖವನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ನಾಲ್ಕು ಕಡೆ ಬೆರಳಿನಿಂದ ಒತ್ತಿ. ಒಂದು ಮೂಲೆ ಟಕಟಕ ಎಂದು ಕುಣಿದರೆ ಬಾಗಿದೆ ಎಂದೇ ಅರ್ಥ. ಬ್ಲೇಡ್ ಚಪ್ಪಟೆಯಾಗಿಯೂ ಬಿರುಸಾಗಿಯೂ ಇರಬೇಕೆಂದು ಆಟದ ನಿಯಮವೇ ಹೇಳುತ್ತದೆ.

ಅಂಚಿನ ಸುತ್ತ ಉಗುರು ಆಡಿಸಿ. ಪದರಗಳ ನಡುವೆ ಉಗುರು ಸಿಕ್ಕಿಬೀಳುವ ಬಿರುಕು ಇರಬಾರದು. ಹಿಡಿಯ ಎರಡು ಹೋಳುಗಳು ಮರಕ್ಕೆ ಕೂಡುವ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆ ಸಂದು ಇದ್ದರೂ ಮುಂದೆ ಅಲ್ಲೇ ಸಡಿಲವಾಗುತ್ತದೆ.

ಕೊನೆಗೆ ಕಿವಿಯ ಕೆಲಸ. ಹಿಡಿಯನ್ನು ಸಡಿಲವಾಗಿ ಹಿಡಿದು ಚೆಂಡನ್ನು ಬೋಳು ಮರದ ಮೇಲೆ ಪುಟಿಸುತ್ತ ಹೋಗಿ: ನಡುವೆ, ತುದಿಗೆ, ಎರಡೂ ಪಕ್ಕಕ್ಕೆ, ಹಿಡಿಯ ಬಳಿಗೆ. ನಡುವಿನಿಂದ ಅಂಚಿಗೆ ಹೋದಂತೆ ದನಿ ನಿಧಾನವಾಗಿ ಬದಲಾಗುವುದು ಸಹಜ. ಎಡ ಪಕ್ಕಕ್ಕೂ ಬಲ ಪಕ್ಕಕ್ಕೂ ದನಿ ಬೇರೆ ಬೇರೆಯಾದರೆ, ಅಥವಾ ಎಲ್ಲಾದರೂ ಒಡೆದ ಮಡಕೆಯ ಹಾಗೆ ಗರಗರ ಎಂದರೆ, ಒಳಗೆ ಪದರ ಬಿಟ್ಟಿದೆ ಎಂಬ ಸೂಚನೆ. ಹೀಗೆ ಪುಟಿಸುವಾಗಲೇ ಹಿಡಿಗೆ ಅದುರು ಅತಿ ಕಡಿಮೆ ಬರುವ ಜಾಗವನ್ನೂ ಗುರುತಿಸಿಕೊಳ್ಳಿ. ಚೆಂಡು ಅಲ್ಲಿ ತಾಗಿದಾಗ ಹೊಡೆತ ಅತಿ ಸ್ವಚ್ಛವಾಗಿ ಕೈಗೆ ಬರುತ್ತದೆ. ಕೆಲವು ಬ್ಲೇಡ್‌ಗಳಲ್ಲಿ ಅದು ಅಂಗೈಯಗಲ, ಕೆಲವದರಲ್ಲಿ ದೊಡ್ಡ ನಾಣ್ಯದಷ್ಟೇ.

ಪ್ರಶ್ನೆ: ಒಂದೇ ಮಾದರಿಯ ಎರಡು ಬ್ಲೇಡ್ ಸಿಕ್ಕಿವೆ. ಫೋನಿನ ಆ್ಯಪ್‌ನಲ್ಲಿ ಒಂದರ ದನಿ 1,320 ಹರ್ಟ್ಜ್, ತೂಕ 86 ಗ್ರಾಂ. ಇನ್ನೊಂದು 1,250 ಹರ್ಟ್ಜ್, 89 ಗ್ರಾಂ. ಭಾರ ಇರುವುದೇ ಮೆತ್ತಗೆ ಎಂದು ತೋರಿಸುತ್ತಿದೆ. ಅಳತೆ ತಪ್ಪಿರಬಹುದೇ?

ಉತ್ತರ: ತಪ್ಪಿರಬೇಕಾಗಿಲ್ಲ. ಬ್ಲೇಡ್ ಬಿರುಸಾದಷ್ಟೂ ಅದು ಕಂಪಿಸುವ ವೇಗ ಏರುತ್ತದೆ, ಭಾರವಾದಷ್ಟೂ ಇಳಿಯುತ್ತದೆ. ನಿಮ್ಮ ಎರಡನೆಯ ಬ್ಲೇಡಿನಲ್ಲಿ ತೂಕ ಹೆಚ್ಚಿದೆ, ಬಿರುಸು ಅಷ್ಟು ಹೆಚ್ಚಿಲ್ಲ. ಭಾರವೆಂದರೆ ವೇಗ ಎಂಬ ನಂಬಿಕೆ ಅರ್ಧ ಮಾತ್ರ ನಿಜ.

ಅಳತೆ ಸರಿಯಾಗಿ ಬರಬೇಕಾದರೆ ಹಿಡಿಯನ್ನು ಎರಡೇ ಬೆರಳಿನಲ್ಲಿ ಸಡಿಲವಾಗಿ ಹಿಡಿದು, ಫೋನನ್ನು 10 ಸೆಂ.ಮೀ. ದೂರದಲ್ಲಿಟ್ಟು, 20–30 ಸೆಂ.ಮೀ. ಎತ್ತರದಿಂದ ಚೆಂಡನ್ನು ಮುಖದ ನಡುವೆ ಬೀಳಿಸಿ. ಐದು ಸಲ ಮಾಡಿ. ನಾಲ್ಕು ಸಲವಾದರೂ ಹತ್ತಿಪ್ಪತ್ತು ಹರ್ಟ್ಜ್ ಒಳಗೇ ಬಂದರೆ ನಂಬಬಹುದು. ಫ್ಯಾನ್ ತಿರುಗುತ್ತಿದ್ದರೆ, ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದರೆ, ಚೆಂಡು ಅಂಚಿಗೆ ಬಿದ್ದರೆ ಸಂಖ್ಯೆ ಎಲ್ಲೆಲ್ಲೋ ಹೋಗುತ್ತದೆ.

ಈ ಸಂಖ್ಯೆ ಉಪಯೋಗಕ್ಕೆ ಬರುವುದು ಒಂದೇ ಮಾದರಿಯ ಎರಡು ಬ್ಲೇಡ್‌ಗಳನ್ನು ಹೋಲಿಸಲು. ಮುಖದ ಅಳತೆಯೂ ಮರದ ಜಾತಿಯೂ ಬೇರೆಯಾದ ಬ್ಲೇಡ್‌ಗಳನ್ನು ಈ ಒಂದೇ ಸಂಖ್ಯೆಯಿಂದ ಅಳೆಯಲು ಹೋಗಬೇಡಿ. ನಿಮ್ಮ ಎರಡರಲ್ಲಿ 86 ಗ್ರಾಂನದು ಬ್ಲಾಕ್ (ಬೀಸದೆ ಬ್ಯಾಟ್ ಅಡ್ಡ ಹಿಡಿದು ಚೆಂಡು ಹಿಂದಿರುಗಿಸುವುದು), ಚಪ್ಪಟೆ ಹೊಡೆತದವರಿಗೆ ಹಿತ; ಮುಂಗೈ ಬೇಗ ತಿರುಗಿಸುವವರಿಗೂ ಅದೇ ಹಗುರ. ಗಿಡ್ಡ ಚೆಂಡಿನ ಆಟವೇ ನಿಮ್ಮ ಬಲವಾಗಿದ್ದು 3 ಗ್ರಾಂ ಹೆಚ್ಚುವರಿ ಭಾರಕ್ಕೆ ಮಣಿಕಟ್ಟು ತಕರಾರು ಮಾಡದಿದ್ದರೆ ಎರಡನೆಯದನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಟೇಬಲ್ ಮೇಲೆ ಹೊಸ ಬ್ಲೇಡನ್ನು ಕ್ರಮವಾಗಿ ಪರೀಕ್ಷಿಸುವುದು ಹೇಗೆ? ಜೊತೆಗಾರ ಒಂದೂವರೆ ಗಂಟೆ ಕೊಡಲು ಒಪ್ಪಿದ್ದಾನೆ.

ಉತ್ತರ: ಒಂದೂವರೆ ಗಂಟೆ ಧಾರಾಳವಾಯಿತು. ಹಳೆಯ ಬ್ಯಾಟ್, ಹೊಸ ಬ್ಯಾಟ್, 20 ಚೆಂಡು, ಎರಡು ಎ4 ಹಾಳೆ, ಒಂದು ಪುಟ್ಟ ಪುಸ್ತಕ, ಪೆನ್ನು ಜೊತೆಗಿರಲಿ.

ಮೊದಲ ಹತ್ತು ನಿಮಿಷ ಹಳೆಯ ಬ್ಯಾಟಿನಲ್ಲೇ ಮೈ ಬಿಸಿ ಮಾಡಿಕೊಳ್ಳಿ. ತಣ್ಣಗಿನ ತೋಳಿನ ತಪ್ಪು ಹೊಸ ಬ್ಯಾಟಿನ ತಲೆಗೆ ಬರಬಾರದು. ಮುಂದೆ ಪ್ರತಿ ಹೊಡೆತವನ್ನೂ ಹಳೆಯದು, ಹೊಸದು, ಹೊಸದು, ಹಳೆಯದು ಎಂಬ ಸರದಿಯಲ್ಲಿ ಹತ್ತು ಹತ್ತು ಚೆಂಡಿನಂತೆ ಆಡಿ. ಹೀಗೆ ಮಾಡಿದರೆ ಆಡುತ್ತಾ ಕೈ ಪಳಗುವುದು, ಕೊನೆಗೆ ದಣಿಯುವುದು ಎರಡೂ ಬ್ಯಾಟಿಗೆ ಸಮವಾಗಿ ಹಂಚಿಹೋಗುತ್ತದೆ.

ಶುರುವಿಗೆ ಬ್ಲಾಕ್. ಬ್ಲೇಡಿನ ಗುಣ ಅತಿ ಪ್ರಾಮಾಣಿಕವಾಗಿ ಹೊರಬೀಳುವುದು ಇಲ್ಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ, ಏಕೆಂದರೆ ಇಲ್ಲಿ ನಿಮ್ಮ ಬೀಸು ಇಲ್ಲ. ಬ್ಯಾಟ್ ಹಿಡಿದು ನಿಲ್ಲುತ್ತೀರಿ ಅಷ್ಟೆ. ಎದುರು ಕಡೆಯ ಕೊನೆಗೆರೆಯಿಂದ 30 ಸೆಂ.ಮೀ. ಒಳಗೆ ಒಂದು ಹಾಳೆ ಹಾಸಿ. ಜೊತೆಗಾರ ಒಂದೇ ಜಾಗಕ್ಕೆ ಒಂದೇ ಹದದ ಟಾಪ್‌ಸ್ಪಿನ್ ಕಳುಹಿಸಲಿ. ಹಳೆಯ ಬ್ಯಾಟಿನ ಕೋನವನ್ನೇ ಇಟ್ಟುಕೊಂಡು ಹೊಸದರಲ್ಲಿ ಬ್ಲಾಕ್ ಮಾಡಿ, ಚೆಂಡು ಹಾಳೆಯ ಹಿಂದೆ ಬೀಳುತ್ತದೋ ಮುಂದೆ ಬೀಳುತ್ತದೋ ನೋಡಿ. ನೆಟ್ಟಿನ ಮೇಲೆ ಅಷ್ಟೇ ಎತ್ತರದಲ್ಲಿ ಹಾದು ಉದ್ದ ಬಿದ್ದರೆ ಹೊಸದು ವೇಗದ್ದು. ನೆಟ್ಟನ್ನು ಎರಡು ಮೂರು ಬೆರಳು ಎತ್ತರದಲ್ಲಿ ದಾಟಿ ಉದ್ದ ಬಿದ್ದರೆ ಚೆಂಡನ್ನು ಮೇಲೆತ್ತಿ ಬಿಡುವ ಗುಣ ಅದರಲ್ಲಿ ಹೆಚ್ಚು. ಎರಡೂ ‘ಹೊರಗೆ ಹೋಯಿತು’ ಎಂದೇ ಕಾಣಿಸುತ್ತವೆ, ಆದರೆ ಮದ್ದು ಬೇರೆ: ಮೇಲೆತ್ತುವ ಬ್ಲೇಡಿಗೆ ಕೋನ ಮುಚ್ಚಿದರೆ ಸಾಕು, ವೇಗದ ಬ್ಲೇಡಿಗೆ ಹಿಡಿತವನ್ನೇ ಸಡಿಲಿಸಲು ಕಲಿಯಬೇಕು.

ಆಮೇಲೆ ಗಿಡ್ಡ ಪುಶ್, ಎಂದರೆ ಚೆಂಡಿನ ಅಡಿ ಸವರಿ ಮೆಲ್ಲಗೆ ತಳ್ಳುವುದು. ಜೊತೆಗಾರ ನೆಟ್ಟಿನ ಹತ್ತಿರ ಬ್ಯಾಕ್‌ಸ್ಪಿನ್ (ಹಿಂದಕ್ಕೆ ತಿರುಗುವ ಚೆಂಡು) ಹಾಕಲಿ, ನೀವು ಗಿಡ್ಡಕ್ಕೆ ಹಿಂದಿರುಗಿಸಿ. ಅವನು ಚೆಂಡು ಮುಟ್ಟದೆ ಬಿಡಲಿ. ಅವನ ಬದಿಯಲ್ಲಿ ಎರಡು ಸಲ ಪುಟಿದರೆ ಒಂದು ಅಂಕ. ಬ್ಯಾಟಿಗೆ ಇಪ್ಪತ್ತು ಚೆಂಡು. ಇದಾದ ಮೇಲೆ ಗಿಡ್ಡ ಸರ್ವ್ ಇಪ್ಪತ್ತು. ಎರಡನೆಯ ಪುಟಿತ ಕೊನೆಗೆರೆಯ ಹತ್ತಿರ, ಆದರೆ ಟೇಬಲ್ ಮೇಲೇ ಬೀಳಬೇಕು.

ಬ್ಯಾಕ್‌ಸ್ಪಿನ್ ಚೆಂಡಿಗೆ ಲೂಪ್ (ಕೆಳಗಿನಿಂದ ಮೇಲಕ್ಕೆ ಬೀಸುವ, ಸ್ಪಿನ್ ತುಂಬಿದ ಟಾಪ್‌ಸ್ಪಿನ್) ಹೊಡೆಯುವಾಗ ತಪ್ಪುಗಳನ್ನು ಎರಡು ಕಂಬಸಾಲಿನಲ್ಲಿ ಬರೆಯಿರಿ: ನೆಟ್ಟಿಗೆ ಎಷ್ಟು, ಹೊರಗೆ ಎಷ್ಟು. ಒಟ್ಟು ತಪ್ಪಿನ ಸಂಖ್ಯೆಗಿಂತ ಈ ವಿಂಗಡಣೆಯೇ ಮುಖ್ಯ. ಬಿರುಸಾದ ಬ್ಲೇಡಿನಲ್ಲಿ ಚೆಂಡು ಬೇಗ ಚಿಮ್ಮಿಬಿಡುತ್ತದೆ, ಮೇಲೆತ್ತಲು ಸಮಯ ಸಿಗದೆ ನೆಟ್ಟಿಗೆ ಬೀಳುವುದು ಜಾಸ್ತಿ. ಆಮೇಲೆ ಟೇಬಲಿನಿಂದ ಎರಡು ಎರಡೂವರೆ ಮೀಟರ್ ಹಿಂದೆ ಸರಿದು ಹದಿನೈದಿಪ್ಪತ್ತು ಲೂಪ್ ಹೊಡೆಯಿರಿ. ಹತ್ತಿರದಲ್ಲಿ ಸೊಗಸಾಗಿದ್ದ ಮೆತ್ತನೆಯ ಬ್ಲೇಡ್ ಅಲ್ಲಿಂದ ಬಡವಾಗಿ ಕಾಣಬಹುದು. ನೀವು ಅಲ್ಲಿಗೆ ಸರಿದು ಆಡುವವರೇ ಅಲ್ಲದಿದ್ದರೆ ಈ ಅಂಕಕ್ಕೆ ಹೆಚ್ಚು ಬೆಲೆ ಕೊಡಬೇಡಿ.

ಉಳಿದ ಸಮಯದಲ್ಲಿ ಹೊಸ ಬ್ಯಾಟಿನಲ್ಲಿ 11 ಅಂಕದ ಎರಡು ಗೇಮ್ ಆಡಿ. ಗೆದ್ದಿರೋ ಸೋತಿರೋ ಬರೆಯುವುದು ಬೇಡ. ಯಾವ ಹೊಡೆತವನ್ನು ಆಡಲು ಹಿಂಜರಿದಿರಿ ಎಂಬುದನ್ನು ಬರೆಯಿರಿ.

ಸಂಖ್ಯೆ ಓದುವಾಗ ಒಂದು ಎಚ್ಚರ. ಪುಶ್ಶಿನಲ್ಲಿ ಹಳೆಯದಕ್ಕೆ 20ರಲ್ಲಿ 13, ಹೊಸದಕ್ಕೆ 11 ಬಂದರೆ ಅದು ವ್ಯತ್ಯಾಸವೇ ಅಲ್ಲ. ಅದೇ ಬ್ಯಾಟಿನಲ್ಲಿ ಇನ್ನೊಮ್ಮೆ ಆಡಿದರೂ ಎರಡು ಮೂರು ಅಂಕ ಆಚೀಚೆ ಆಗುತ್ತದೆ. 13ಕ್ಕೆ 7 ಬಂದು, ಮೂರು ಬೇರೆ ದಿನಗಳಲ್ಲೂ ಅದೇ ಬಂದರೆ ಬ್ಲೇಡ್ ಮಾತಾಡುತ್ತಿದೆ ಎಂದು ತಿಳಿಯಿರಿ.

ಪ್ರಶ್ನೆ: ಈ ಬ್ಲೇಡಿನಲ್ಲಿ ಚೆಂಡು ಹೆಚ್ಚು ಹೊತ್ತು ನಿಲ್ಲುತ್ತದೆ, ಆ ಬ್ಲೇಡಿನಲ್ಲಿ ನಿಲ್ಲುವುದಿಲ್ಲ ಎನ್ನುತ್ತಾರೆ. ಅದು ಕೈಗೆ ತಿಳಿಯುವಷ್ಟು ಇರುತ್ತದೆಯೇ?

ಉತ್ತರ: ಚೆಂಡು ಬ್ಯಾಟಿಗೆ ತಾಗಿ ಬಿಡುವುದು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ, ಎಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಕೈಯಿಂದ ಮಿದುಳಿಗೆ ಸುದ್ದಿ ಮುಟ್ಟಲು ಅದರ ಎಷ್ಟೋ ಪಟ್ಟು ಹೊತ್ತು ಬೇಕು. ಹಾಗಾಗಿ ನಿಮಗೆ ‘ನಿಂತಿತು’ ಅನ್ನಿಸುವ ಹೊತ್ತಿಗೆ ಚೆಂಡು ಆಗಲೇ ಹೊರಟುಹೋಗಿರುತ್ತದೆ. ಕೈಗೆ ತಿಳಿಯುವುದು ಆಮೇಲೆ ಹಿಡಿಯೊಳಗೆ ಉಳಿಯುವ ಅದುರು, ಕಿವಿಗೆ ಬೀಳುವ ದನಿ. ಮಂದ್ರ ದನಿ, ನಿಧಾನವಾಗಿ ಆರುವ ಅದುರು ಇದ್ದರೆ ಮೆತ್ತಗೆ ಅನ್ನಿಸುತ್ತದೆ. ಟಕ್ ಎಂಬ ಗಟ್ಟಿ ದನಿ ಬಂದರೆ ಚಿಮ್ಮಿತು ಅನ್ನಿಸುತ್ತದೆ.

ಕಿವಿಗೆ ಹತ್ತಿ ತುರುಕಿಕೊಂಡು ಇಪ್ಪತ್ತು ಚೆಂಡು ಆಡಿ ನೋಡಿ. ಎರಡು ಬ್ಲೇಡ್‌ಗಳ ನಡುವೆ ಕಾಣುತ್ತಿದ್ದ ಅಂತರ ಗಣನೀಯವಾಗಿ ಕಿರಿದಾಗುತ್ತದೆ. ಹಾಗೆಂದು ಆ ಅನಿಸಿಕೆ ಸುಳ್ಳಲ್ಲ. ಆಟಗಾರ ಮುಂದಿನ ಹೊಡೆತದ ಬಲವನ್ನು ಹದಮಾಡಿಕೊಳ್ಳುವುದು ಹಿಂದಿನ ಹೊಡೆತದ ಅದುರನ್ನು ಕೇಳಿಯೇ. ಅನಿಸಿಕೆ ಇಷ್ಟವಾಗದ ಬ್ಲೇಡಿನಲ್ಲಿ ವಿಶ್ವಾಸದಿಂದ ಆಡಲು ಆಗುವುದಿಲ್ಲ. ಆದರೆ ಅನಿಸಿಕೆಯನ್ನು ಒಂದು ಪುಟದಲ್ಲಿ, ಚೆಂಡು ಬಿದ್ದ ಜಾಗವನ್ನು ಇನ್ನೊಂದು ಪುಟದಲ್ಲಿ ಬರೆಯಿರಿ. ಎರಡೂ ಒಂದೇ ದಿಕ್ಕು ತೋರಿಸದ ಬ್ಲೇಡ್‌ಗಳು ಬೇಕಾದಷ್ಟಿವೆ.

ಪ್ರಶ್ನೆ: ಕಾರ್ಬನ್ ಹೊರಪದರದ ಕೆಳಗಿರುವ ಬ್ಲೇಡ್, ನಡುಮರದ ಪಕ್ಕದಲ್ಲಿರುವ ಬ್ಲೇಡ್ — ಆಡುವಾಗ ಏನು ವ್ಯತ್ಯಾಸ?

ಉತ್ತರ: ಕಾರ್ಬನ್ ನಾರು ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ಅದು ಯಾವಾಗ ಎಚ್ಚರಗೊಳ್ಳುತ್ತದೆ ಎಂಬುದು ನಿಂತಿದೆ. ಬಟರ್‌ಫ್ಲೈ ವಿಸ್ಕಾರಿಯಾ ಬ್ಲೇಡನ್ನೇ ತೆಗೆದುಕೊಳ್ಳಿ: ಹೊರಗೆ ಕೋಟೋ ಮರ, ಅದರ ಬೆನ್ನಿಗೇ ಆರಿಲೇಟ್-ಕಾರ್ಬನ್ ನಾರಿನ ಪದರ, ನಡುವೆ ಕಿರಿ ಎಂಬ ಹಗುರವಾದ ಮರ. ತೆಳ್ಳನೆಯ ಕೋಟೋ ದಾಟಿದರೆ ನಾರು ಸಿಕ್ಕಿಬಿಡುತ್ತದೆ, ಹಾಗಾಗಿ ಹಗುರವಾಗಿ ಮುಟ್ಟಿದರೂ ಚುರುಕು. ಒಳನಾರಿನ ಬ್ಲೇಡಿನಲ್ಲಿ ಹಗುರ ಹೊಡೆತಕ್ಕೆ ಹೊರಗಿನ ಎರಡು ಮರದ ಪದರಗಳೇ ಉತ್ತರ ಕೊಡುತ್ತವೆ, ಬಲವಾಗಿ ಹೊಡೆದಾಗ ಮಾತ್ರ ನಾರು ಜೊತೆಗೂಡುತ್ತದೆ. ಪುಶ್, ಗಿಡ್ಡ ಸರ್ವ್‌ಗಳಲ್ಲಿ ಐದು ಪದರದ ಬರೀ ಮರದಂತೆ, ಪೂರ್ತಿ ಬೀಸಿನಲ್ಲಿ ಕಾರ್ಬನ್ನಿನಂತೆ ನಡೆದುಕೊಳ್ಳುವುದು ಇದಕ್ಕೇ.

ಪರೀಕ್ಷೆ ಸುಲಭ. ಜೊತೆಗಾರನೊಂದಿಗೆ ಫೋರ್‌ಹ್ಯಾಂಡ್ ಕೌಂಟರ್ (ಬಂದ ಹೊಡೆತಕ್ಕೆ ಎದುರು ಹೊಡೆತ) ಆಡುತ್ತಾ ಅರ್ಧ ಬಲದಿಂದ ಶುರುಮಾಡಿ ಐದೈದು ಚೆಂಡಿಗೆ ಸ್ವಲ್ಪ ಸ್ವಲ್ಪ ಬಲ ಏರಿಸಿ. ವೇಗ ಸಮನಾಗಿ ಏರುತ್ತದೋ, ಒಂದು ಹಂತದಲ್ಲಿ ಥಟ್ಟನೆ ನೆಗೆಯುತ್ತದೋ ಗಮನಿಸಿ. ನೆಗೆಯುವ ಹಂತ ನೀವು ಪಂದ್ಯದಲ್ಲಿ ಹೆಚ್ಚಾಗಿ ಬಳಸುವ ಬಲದಲ್ಲೇ ಬಂದರೆ ಆ ಬ್ಲೇಡ್ ತೊಂದರೆ ಕೊಡುತ್ತದೆ. ಒಂದು ಚೆಂಡು ಗಿಡ್ಡ, ಮುಂದಿನದು ಹೊರಗೆ.

ಇನ್ನೊಬ್ಬರು ಕಾರ್ಬನ್ ಎಷ್ಟಿರಬಹುದು ಎಂದು ಕೇಳಿದ್ದಾರೆ. ಆಟದ ನಿಯಮದಂತೆ ಬ್ಲೇಡಿನ ದಪ್ಪದಲ್ಲಿ ಕನಿಷ್ಠ 85 ಶೇಕಡಾ ಸಹಜ ಮರವಿರಬೇಕು. ಅಂಟಿನ ಪದರವನ್ನು ಕಾರ್ಬನ್, ಗಾಜಿನ ನಾರು, ಒತ್ತಿದ ಕಾಗದ ಮುಂತಾದವುಗಳಿಂದ ಬಲಪಡಿಸಬಹುದು, ಆದರೆ ಅಂಥ ಒಂದು ಪದರ ಒಟ್ಟು ದಪ್ಪದ 7.5 ಶೇಕಡಾ ಅಥವಾ 0.35 ಮಿ.ಮೀ. — ಎರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. 5.7 ಮಿ.ಮೀ. ಬ್ಲೇಡಿಗೆ 7.5 ಶೇಕಡಾ ಎಂದರೆ 0.43 ಮಿ.ಮೀ. ಹತ್ತಿರ ಬರುತ್ತದೆ, ಆದ್ದರಿಂದ 0.35ರ ಮಿತಿಯೇ ಅನ್ವಯ.

ಪ್ರಶ್ನೆ: ಹೊಸ ಬ್ಯಾಟಿನ ತಲೆ ಭಾರ ಅನ್ನಿಸುತ್ತಿದೆ. ಹಿಡಿಗೆ ಟೇಪ್ ಸುತ್ತಿದರೆ ಸರಿಹೋಗುತ್ತದೆ ಎಂದರು. ನಿಜವೇ?

ಉತ್ತರ: ಸಮತೋಲದ ಬಿಂದು ಹಿಂದಕ್ಕೆ ಬರುತ್ತದೆ, ಆದರೆ ತಲೆಯ ಭಾರ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಲೆಕ್ಕ ಹಾಕಿ ನೋಡೋಣ. ಬ್ಲೇಡ್ 88 ಗ್ರಾಂ, ಅದು ಹಿಡಿಯ ಬುಡದಿಂದ 140 ಮಿ.ಮೀ. ದೂರದಲ್ಲಿ ಸಮತೂಗುತ್ತದೆ ಎನ್ನೋಣ. ಕತ್ತರಿಸಿದ ರಬ್ಬರ್‌ಗಳು ತಲಾ 47 ಗ್ರಾಂ, ಅವುಗಳ ನಡುಬಿಂದು ಬುಡದಿಂದ 181 ಮಿ.ಮೀ. ಒಟ್ಟು 182 ಗ್ರಾಂನ ಬ್ಯಾಟ್ ಸಮತೂಗುವುದು 161 ಮಿ.ಮೀ.ನಲ್ಲಿ. ಹಿಡಿಯ ಮೇಲೆ 10 ಗ್ರಾಂ ಟೇಪ್ ಸುತ್ತಿದರೆ ಬಿಂದು 155 ಮಿ.ಮೀ.ಗೆ ಬರುತ್ತದೆ. ಬೆರಳಿನ ಮೇಲೆ ನಿಲ್ಲಿಸಿದಾಗ ಆರು ಮಿ.ಮೀ. ದೊಡ್ಡದೇ. ಆದರೆ ಬೀಸುವಾಗ ಮಣಿಕಟ್ಟು ಎಳೆಯಬೇಕಾದದ್ದು ಅದೇ ತಲೆಯನ್ನು, ಮೇಲೆ 10 ಗ್ರಾಂ ಹೆಚ್ಚು. ಕೈಗೆ ಹಗುರ ಅನ್ನಿಸಿದರೂ ಮೂರನೆಯ ಗೇಮಿನಲ್ಲಿ ಭುಜಕ್ಕೆ ನಿಜ ಗೊತ್ತಾಗುತ್ತದೆ.

ತಲೆಯ ಭಾರ ನಿಜವಾಗಿ ಇಳಿಸಬೇಕಾದರೆ ರಬ್ಬರಿಗೇ ಕೈ ಹಾಕಬೇಕು. ಬ್ಯಾಕ್‌ಹ್ಯಾಂಡ್ ಬದಿಗೆ ಮ್ಯಾಕ್ಸ್ (ಅತಿ ದಪ್ಪದ ಸ್ಪಾಂಜ್) ಬದಲು 1.9 ಮಿ.ಮೀ. ಸ್ಪಾಂಜ್ ಹಾಕಿ, ಅಥವಾ ಮೆತ್ತನೆಯ ಸ್ಪಾಂಜಿನ, ಹಗುರವಾದ ಹಾಳೆ ಹುಡುಕಿ. ಗಟ್ಟಿ ಸ್ಪಾಂಜಿನ ಅಂಟುಮೇಲ್ಮೈ ರಬ್ಬರ್ ಕತ್ತರಿಸಿದ ಮೇಲೂ 50 ಗ್ರಾಂ ದಾಟುವುದುಂಟು. ಅಂಟನ್ನು ದಪ್ಪ ಬಳಿಯಬೇಡಿ, ಒಣಗಿದ ಮೇಲೂ ಬದಿಗೆ ಒಂದೆರಡು ಗ್ರಾಂ ಉಳಿಯುತ್ತದೆ. ಮಣಿಕಟ್ಟು, ಮೊಣಕೈ ನೋವು ಶುರುವಾಗಿದ್ದರೆ ಟೇಪಿನ ಯೋಚನೆ ಬಿಟ್ಟು ಈ ಬದಲಾವಣೆಯನ್ನು ಈಗಲೇ ಮಾಡಿ.

ಪ್ರಶ್ನೆ: ಪರೀಕ್ಷೆಗೆಂದು ರಬ್ಬರ್ ಕಿತ್ತಾಗ ಬ್ಲೇಡಿನಿಂದ ಮರದ ಸಿಬಿರು ಎದ್ದುಬಂತು. ತಪ್ಪು ಎಲ್ಲಾಯಿತು? ವಾರ್ನಿಷ್ ಹಚ್ಚಿದರೆ ಗುಣ ಕೆಡುವುದೇ?

ಉತ್ತರ: ಲಿಂಬಾ, ಹಿನೋಕಿಯಂಥ ಮರಗಳ ಹೊರಪದರ ಬೇಗ ಸಿಬಿರೇಳುತ್ತದೆ. ಮರದ ಎಳೆ ಹಿಡಿಯಿಂದ ತುದಿಗೆ ಹರಿದಿರುತ್ತದೆ. ರಬ್ಬರನ್ನು ಹಿಡಿಯ ಕಡೆಯ ಒಂದು ಮೂಲೆಯಿಂದ ಬಿಡಿಸಿ, ಹಿಂದಕ್ಕೆ ಮಡಚಿ, ಮರಕ್ಕೆ ಒರಗಿಸಿಕೊಂಡೇ ಓರೆಯಾಗಿ ನಿಧಾನವಾಗಿ ಎಳೆಯಬೇಕು. ನೇರ ಮೇಲಕ್ಕೆ ಕಿತ್ತರೆ ಮರವೂ ಜೊತೆಗೆ ಬರುತ್ತದೆ. ಸಿಬಿರು ಏಳುವುದು ಕಂಡೊಡನೆ ನಿಲ್ಲಿಸಿ ಎದುರು ದಿಕ್ಕಿನಿಂದ ಬಿಡಿಸಿ. ಎದ್ದ ತುಣುಕನ್ನು ಎಸೆಯಬೇಡಿ, ಒಂದು ಹನಿ ಮರದ ಅಂಟು ಹಾಕಿ ಅದೇ ಜಾಗದಲ್ಲಿ ಕೂರಿಸಿ ಭಾರ ಹೇರಿ ಒಂದು ರಾತ್ರಿ ಬಿಡಿ.

ವಾರ್ನಿಷ್ ತೆಳ್ಳಗಿದ್ದರೆ ತೊಂದರೆಯಿಲ್ಲ. ನೀರಿನ ಆಧಾರದ ವಾರ್ನಿಷನ್ನು ಬಟ್ಟೆಯ ತುದಿಗೆ ಅದ್ದಿ, ಹಿಂಡಿ, ಎಳೆಯ ದಿಕ್ಕಿನಲ್ಲಿ ಒಂದೇ ಕೈ ಒರೆಸಿ. ಒಂದು ಪೂರ್ತಿ ದಿನ ಒಣಗಿದ ಮೇಲೆ 400 ನಂಬರ್ ಉಪ್ಪುಕಾಗದದಿಂದ ಹಗುರವಾಗಿ ಸವರಿ ಧೂಳು ತೆಗೆಯಿರಿ. ಎರಡು ಮೂರು ಕೈ ಹೊಡೆದು ಗಾಜಿನಂತೆ ಹೊಳೆಯುವ ಹಾಗೆ ಮಾಡಿದರೆ ಮರದ ಮೇಲೆ ಗಟ್ಟಿ ಚಿಪ್ಪು ಕೂತಂತೆ. ದನಿ ಏರುತ್ತದೆ, ಮೆತ್ತನೆ ಅನಿಸಿಕೆ ಹೋಗುತ್ತದೆ. ಪರೀಕ್ಷೆಗೆ ಮುಂಚೆಯೇ ವಾರ್ನಿಷ್ ಮಾಡಿ, ನಡುವೆ ಮಾಡಿದರೆ ಹಿಂದಿನ ಲೆಕ್ಕವೆಲ್ಲ ವ್ಯರ್ಥ.

ಅಂಟಿನ ವಿಷಯದಲ್ಲೂ ಎರಡು ಮಾತು. ಬದಿಗೆ 3–4 ಮಿ.ಲೀ. ನೀರಂಟು ಸಾಕು. ಸ್ಪಾಂಜಿಗೆ ಎರಡು ತೆಳು ಕೈ, ಮರಕ್ಕೆ ಒಂದು. ಬಿಳಿಯ ಅಂಟು ಪೂರ್ತಿ ಪಾರದರ್ಶಕವಾಗುವವರೆಗೆ ಕಾಯಿರಿ, ಸಾಮಾನ್ಯವಾಗಿ 15–20 ನಿಮಿಷ. ಆಮೇಲೆ ಹಿಡಿಯ ಕಡೆಯಿಂದ ತುದಿಗೆ, ರಬ್ಬರನ್ನು ಎಳೆಯದೆ, ಬಾಟಲಿಯನ್ನೋ ರೋಲರನ್ನೋ ಉರುಳಿಸುತ್ತಾ ಕೂರಿಸಿ. ಒಳಗೆ ಗಾಳಿ ಉಳಿದರೆ ಆ ಜಾಗದಲ್ಲಿ ಚೆಂಡು ಡಬ್ ಎಂದು ಸಾಯುತ್ತದೆ. ‘ಈ ಬ್ಲೇಡಿನಲ್ಲಿ ಸತ್ತ ಜಾಗವಿದೆ’ ಎಂಬ ದೂರುಗಳಲ್ಲಿ ಎಷ್ಟೋ ಈ ಗಾಳಿಗುಳ್ಳೆಯದ್ದೇ ಆಗಿರುತ್ತವೆ.

ಪ್ರಶ್ನೆ: ಹೊಸ ಬ್ಲೇಡ್ ಹಿಡಿದರೆ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬೊಕ್ಕೆ ಏಳುತ್ತದೆ.

ಉತ್ತರ: ಹಿಡಿ ಮುಗಿದು ಮುಖ ಶುರುವಾಗುವ ಜಾಗದ ಮರದ ಅಂಚು ಚೂಪಾಗಿದೆ. 240 ನಂಬರ್ ಉಪ್ಪುಕಾಗದವನ್ನು ಪೆನ್ಸಿಲಿಗೆ ಸುತ್ತಿ ಆ ಎರಡು ಬಾಗುಗಳನ್ನು ದುಂಡಗೆ ಮಾಡಿ, 400ರಿಂದ ನಯಗೊಳಿಸಿ. ಐದಾರು ಎಳೆತಕ್ಕೊಮ್ಮೆ ಹಿಡಿದು ನೋಡಿ. ರಬ್ಬರ್ ಅಂಟಿಸುವ ಸಮತಟ್ಟು ಮುಖಕ್ಕೆ ಕಾಗದ ತಾಗಬಾರದು.

ಪ್ರಶ್ನೆ: ಹತ್ತು ವರ್ಷದ ಮಗಳು ತರಬೇತಿಗೆ ಸೇರಿ ಎಂಟು ತಿಂಗಳಾಯಿತು. ಪೆಟ್ಟಿಗೆಯ ಮೇಲೆ ‘ಆಫ್’ ಎಂದಿರುವ ಬ್ಲೇಡ್ ಕೊಡಿಸಬಹುದೇ?

ಉತ್ತರ: ಈಗಲೇ ಬೇಡ. ಐದು ಪದರದ ಬರೀ ಮರದ, 85 ಗ್ರಾಂ ಒಳಗಿನ ಬ್ಲೇಡ್ ಅವಳಿಗೆ ಸರಿ. ‘ಆಲ್’ (ಎಲ್ಲ ಬಗೆಯ ಆಟಕ್ಕೆ), ‘ಆಫ್’ (ದಾಳಿಯ ಆಟಕ್ಕೆ) ಎಂಬ ಗುರುತುಗಳಿಗೆ ಎಲ್ಲ ಕಂಪನಿಗಳಿಗೂ ಒಪ್ಪಿತವಾದ ಅಳತೆಯಿಲ್ಲ. ಒಬ್ಬರ ‘ಆಲ್’ ಇನ್ನೊಬ್ಬರ ‘ಆಫ್’ಗಿಂತ ವೇಗವಾಗಿರಬಹುದು. ಅವಳು ಪೂರ್ತಿ ಬೀಸಿ ಲೂಪ್ ಹೊಡೆದ ಮೇಲೂ ಚೆಂಡು ಟೇಬಲ್ ಮೇಲೆ ಉಳಿಯಬೇಕು. ವೇಗದ ಬ್ಲೇಡ್ ಕೊಟ್ಟರೆ ಮಕ್ಕಳು ಹೊರಗೆ ಹೋಗುವ ಹೆದರಿಕೆಗೆ ಬೀಸನ್ನೇ ಮೊಟಕು ಮಾಡುತ್ತಾರೆ, ಆ ಅಭ್ಯಾಸ ಬಿಡಿಸಲು ಬಹಳ ಕಾಲ ಬೇಕಾಗುತ್ತದೆ. ಹಿಡಿ ತೆಳ್ಳಗಿದೆಯೇ ಎಂಬುದನ್ನು ಅವಳ ಕೈಗೇ ಕೊಟ್ಟು ನೋಡಿ.

ಪ್ರಶ್ನೆ: ಎಷ್ಟು ದಿನ ಆಡಿದ ಮೇಲೆ ತೀರ್ಮಾನಕ್ಕೆ ಬರಬಹುದು? ಬ್ಲೇಡ್ ‘ಪಳಗಲು’ ಸಮಯ ಬೇಕು ಎನ್ನುತ್ತಾರಲ್ಲ?

ಉತ್ತರ: ಆ ದಿನಗಳಲ್ಲಿ ಮುಖ್ಯವಾಗಿ ಪಳಗುವುದು ನಿಮ್ಮ ಕೈ, ಜೊತೆಗೆ ರಬ್ಬರ್ ಹೊಸದಾದರೆ ಅದರ ಸ್ಪಾಂಜ್. ಹತ್ತರಿಂದ ಹನ್ನೆರಡು ಅಭ್ಯಾಸ ಕೊಡಿ. ಮೊದಲ ಮೂರರ ಅಂಕಗಳನ್ನು ಬರೆದಿಡಿ, ಆದರೆ ಅವುಗಳಿಂದ ತೀರ್ಮಾನ ಬೇಡ. ಆರನೆಯ ಅಭ್ಯಾಸದ ಹೊತ್ತಿಗೆ ಬ್ಲಾಕ್ ಕೋನ ಕೂತಿರಬೇಕು. ಇಷ್ಟು ಬೇಗ ಸರಿಹೋಗುವುದು ಅದೇ. ಗಿಡ್ಡ ಪುಶ್ ನಿಧಾನ. ಹನ್ನೆರಡನೆಯ ದಿನವೂ ಪುಶ್, ಸರ್ವ್ ಎರಡರಲ್ಲೂ ಹಳೆಯ ಬ್ಯಾಟಿನ ಅಂಕ ಮುಟ್ಟದಿದ್ದರೆ ಬ್ಲೇಡ್ ನಿಮಗೆ ವೇಗ ಜಾಸ್ತಿ. ಆಗಲೂ ಮಾರುವ ಮುನ್ನ ಒಂದು ಸಲ ತೆಳು ಸ್ಪಾಂಜಿನ, ನಿಧಾನದ ರಬ್ಬರ್ ಹಾಕಿ ಇಪ್ಪತ್ತು ಪುಶ್ ಎಣಿಸಿ.

ಈ ಅವಧಿಯಲ್ಲಿ ಹಳೆಯ ಬ್ಲೇಡನ್ನು ಯಾರಿಗೂ ಕೊಡಬೇಡಿ, ಅದಿಲ್ಲದೆ ಹೋಲಿಕೆಯೇ ಇಲ್ಲ. ರಬ್ಬರ್ ಕಿತ್ತಿಟ್ಟಿದ್ದರೆ ಬೋಳು ಬ್ಲೇಡನ್ನು ಬಿಸಿಲು, ತೇವ ಎರಡೂ ತಾಗದ ಜಾಗದಲ್ಲಿ ಸಮತಟ್ಟಾಗಿ ಮಲಗಿಸಿಡಿ; ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಒಂದು ಮಧ್ಯಾಹ್ನ ಬಿಟ್ಟರೂ ಮರ ಬಾಗಬಹುದು.